ದಾಂಪತ್ಯದ ಕೂಟ ಪಾಪವೇ? ಕ್ರೈಸ್ತ ಇತಿಹಾಸ ಹೇಳುವುದೇನು?

ಪ್ರಶ್ನೆ: ನಾನು 29 ವರ್ಷದ ಕಥೋಲಿಕ ಮಹಿಳೆ. ಹುಟ್ಟಿ ಬೆಳೆದದ್ದು ಮಂಗಳೂರು ಕಡೆ, ಮದುವೆಯಾದ ಮೇಲೆ ಬೆಂಗಳೂರಿನಲ್ಲಿದ್ದೇನೆ. ಮದುವೆಯಾಗಿ ಎರಡು ವರ್ಷವಾಯಿತು. ಗಂಡ ಒಳ್ಳೆಯವರು, ನಮ್ಮಿಬ್ಬರಲ್ಲಿ ಮನಸ್ತಾಪವೇನೂ ಇಲ್ಲ. ಆದರೂ ಅವರೊಡನೆ ಸೇರಿದ ಮರುದಿನ ಏನೋ ಹೊಲಸು ಕೆಲಸ ಮಾಡಿದೆನೆಂಬ ಭಾವನೆ ಬರುತ್ತದೆ. ಗುರುಗಳ ಮುಂದೆ ಪಾಪನಿವೇದನೆಗೆ ಹೋಗುವವರೆಗೆ ಸಮಾಧಾನವಿರುವುದಿಲ್ಲ. ಆದಾಮ ಹವ್ವ ತಿಂದ ಹಣ್ಣು ಎಂದರೆ ‘ಅದೇ’ ಎಂದು ಚಿಕ್ಕಂದಿನಲ್ಲಿ ಕ್ಯಾಟಕಿಸಂ ಟೀಚರ್ ಹೇಳಿದ್ದು ಇಂದಿಗೂ ಮನಸ್ಸಿನಿಂದ ಹೋಗಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಗಂಡಹೆಂಡತಿ ಬೇರೆ ಮಲಗಬೇಕು, ಶನಿವಾರ ರಾತ್ರಿ ಸೇರಿದರೆ ಭಾನುವಾರ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸಬಾರದು ಎಂದು ನಮ್ಮ ಅತ್ತೆ ಹೇಳುತ್ತಾರೆ. ಇದೆಲ್ಲ ಸಾವಿರ ವರ್ಷದ ಹಿಂದೆ ಪೋಪ್‌ಗಳು ಹುಟ್ಟಿಸಿದ್ದು, ಯೇಸು ಈ ವಿಷಯದಲ್ಲಿ ಏನೂ ಹೇಳಿಲ್ಲ, ಎಲ್ಲ ಮರೆತುಬಿಡು ಎನ್ನುತ್ತಾರೆ ಗಂಡ. ಇನ್ನೆರಡು ವರ್ಷ ಮಗು ಬೇಡವೆಂದು ಇಬ್ಬರೂ ಅಂದುಕೊಂಡಿದ್ದೇವೆ. ಅದಕ್ಕೆ ಮಾತ್ರೆ ತೆಗೆದುಕೊಂಡರೆ ಮಹಾಪಾಪವೇ? ಇದರಲ್ಲಿ ಯಾವುದು ನಿಜ, ಯಾವುದು ಸುಳ್ಳು? ನಾನೇನು ಮಾಡಲಿ?

ಉತ್ತರ: ಗಂಡಹೆಂಡಿರ ಕೂಟವನ್ನು ಕ್ರೈಸ್ತ ಧರ್ಮ ಪಾಪವೆಂದು ಎಣಿಸುತ್ತದೆಯೇ ಎಂಬುದು ನಿಮ್ಮ ಪತ್ರದ ತಿರುಳು. ಅದಕ್ಕೆ ನೇರವಾದ ಉತ್ತರ, ಇಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ; ಏಕೆಂದರೆ ಮದುವೆಯನ್ನು ಒಳ್ಳೆಯದೆಂದು ಸಾರಿದ ಅದೇ ಧರ್ಮಸಭೆ, ಆ ಮದುವೆಯೊಳಗಿನ ಸುಖವನ್ನು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅನುಮಾನದಿಂದ ನೋಡಿತು. ನಿಮ್ಮನ್ನು ಕಾಡುತ್ತಿರುವ ಭಯ ಒಂದೇ ಉಪದೇಶದಿಂದ ಬಂದದ್ದಲ್ಲ. ಹಳೆಯ ಮನೆಯ ಗೋಡೆಗೆ ಬೇರೆ ಬೇರೆ ತಲೆಮಾರಿನವರು ಬಳಿದ ಸುಣ್ಣದಂತೆ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಾರಣಕ್ಕೆ ಹುಟ್ಟಿದ ಮಾತುಗಳು ಒಂದರ ಮೇಲೊಂದು ಕುಳಿತು ಈಗ ಒಂದೇ ಬಣ್ಣವಾಗಿ ಕಾಣುತ್ತಿವೆ. ನಾನು ಧರ್ಮಗುರುವಲ್ಲ, ವೈದ್ಯನೂ ಅಲ್ಲ. ಧರ್ಮಸಭೆಯ ಇತಿಹಾಸವನ್ನು ಕಲಿಸುವುದು ನನ್ನ ವೃತ್ತಿ. ಮದುವೆಗೆ ಸಿದ್ಧರಾಗುವ ಜೋಡಿಗಳ ತರಗತಿಗಳಲ್ಲಿಯೂ ಪಾಠ ಮಾಡಿದ್ದೇನೆ. ನಿಮ್ಮ ಪ್ರಶ್ನೆಯನ್ನು ಅಲ್ಲಿ ಹಲವರು ಕೇಳಿದ್ದಾರೆ, ಸಾಮಾನ್ಯವಾಗಿ ತರಗತಿ ಮುಗಿದು ಉಳಿದವರೆಲ್ಲ ಹೊರಟುಹೋದ ಮೇಲೆ.

ಹಣ್ಣಿನ ವಿಚಾರದಿಂದ ತೊಡಗೋಣ. ಆದಿಕಾಂಡವನ್ನು ಒಮ್ಮೆ ಕ್ರಮವಾಗಿ ಓದಿ. ಸಂತಾನವುಳ್ಳವರಾಗಿ ಹೆಚ್ಚಿರೆಂಬ ಆಶೀರ್ವಾದ ಮೊದಲನೆಯ ಅಧ್ಯಾಯದಲ್ಲಿದೆ. ಇಬ್ಬರೂ ಒಂದೇ ಶರೀರವಾಗುವರು, ಬೆತ್ತಲೆಯಾಗಿದ್ದರೂ ನಾಚಿಕೊಳ್ಳಲಿಲ್ಲ ಎಂಬ ಮಾತು ಎರಡನೆಯದರಲ್ಲಿದೆ. ಪಾಪದ ಕಥೆ ಬರುವುದು ಮೂರನೆಯ ಅಧ್ಯಾಯದಲ್ಲಿ, ಅಲ್ಲಿರುವ ತಪ್ಪು ದೇವರ ಆಜ್ಞೆಯನ್ನು ಮೀರಿದ್ದು. ಅಂದರೆ ದಾಂಪತ್ಯದ ಆಶೀರ್ವಾದ ಪತನಕ್ಕಿಂತ ಮೊದಲೇ ಇದೆ, ಪತನಕ್ಕೆ ಅದು ಕಾರಣವಲ್ಲ. ಹಣ್ಣನ್ನು ಕೂಟವೆಂದು ಅರ್ಥೈಸಿದವರು ಎರಡನೆಯ ಶತಮಾನದಲ್ಲಿ ಕೆಲವರಿದ್ದರು. ಆದರೆ ಅದು ಎಂದೂ ಧರ್ಮಸಭೆಯ ಸಿದ್ಧಾಂತವಾಗಲಿಲ್ಲ. 1992ರಲ್ಲಿ ಕಥೋಲಿಕ ಧರ್ಮಸಭೆ ಪ್ರಕಟಿಸಿದ ಧರ್ಮೋಪದೇಶ ಗ್ರಂಥವೂ ಆ ಪಾಪವನ್ನು ಅವಿಧೇಯತೆ ಎಂದೇ, ದೇವರ ಮೇಲಿನ ನಂಬಿಕೆಯನ್ನು ಕಳೆದುಕೊಂಡದ್ದು ಎಂದೇ ವಿವರಿಸುತ್ತದೆ. ನಿಮ್ಮ ಟೀಚರ್ ಹೇಳಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ.

ನಿಮ್ಮ ಪತಿಯ ಮಾತು ಅರ್ಧ ಸರಿ. ಯೇಸು ಈ ವಿಷಯದಲ್ಲಿ ಹೇಳಿದ್ದು ಕಡಿಮೆ, ಆದರೆ ಏನೂ ಹೇಳಿಲ್ಲವೆನ್ನಲಾಗದು: ಪರಸ್ತ್ರೀಯನ್ನು ಮೋಹದಿಂದ ನೋಡುವುದು ಮನಸ್ಸಿನ ವ್ಯಭಿಚಾರವೆಂಬುದು, ಹೆಂಡತಿಯನ್ನು ಬಿಡುವುದರ ಬಗೆಗಿನ ಕಟ್ಟುನಿಟ್ಟಿನ ಮಾತು, ಸ್ವರ್ಗಸಾಮ್ರಾಜ್ಯಕ್ಕಾಗಿ ಮದುವೆಯನ್ನೇ ತೊರೆದವರ ಪ್ರಸ್ತಾಪ, ಈ ಮೂರೂ ಮತ್ತಾಯನ ಸುಸಂದೇಶದಲ್ಲಿವೆ. ಸುಮಾರು ಕ್ರಿ.ಶ. 55ರಲ್ಲಿ ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯ ನಿಮಗೆ ಇನ್ನೂ ಮುಖ್ಯ. ಸ್ತ್ರೀಯನ್ನು ಮುಟ್ಟದಿರುವುದೇ ಮೇಲು ಎಂದು ಕೊರಿಂಥದಲ್ಲಿ ಕೆಲವರು ವಾದಿಸುತ್ತಿದ್ದಂತೆ ತೋರುತ್ತದೆ. ಪೌಲನೂ ಒಂಟಿಯಾಗಿದ್ದವನು, ಒಂಟಿತನವನ್ನೇ ಮೆಚ್ಚಿದವನು. ಲೋಕಕ್ಕೆ ಉಳಿದಿರುವ ಕಾಲ ಸ್ವಲ್ಪವೇ ಎಂಬುದು ಅವನ ನಂಬಿಕೆ. ಆದರೂ ಮದುವೆಯಾದವರಿಗೆ ಅವನು ಹೇಳಿದ್ದೇನೆಂದರೆ, ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರವಿರುವಂತೆಯೇ ಗಂಡನ ದೇಹದ ಮೇಲೆ ಹೆಂಡತಿಗೂ ಅಧಿಕಾರವಿದೆ. ಪ್ರಾರ್ಥನೆಗಾಗಿ ಸ್ವಲ್ಪ ಕಾಲ ಅಗಲಿರುವುದಾದರೆ ಇಬ್ಬರೂ ಒಪ್ಪಿ ಅಗಲಿರಲಿ, ಆಮೇಲೆ ಮತ್ತೆ ಕೂಡಲಿ. ಗಂಡು ಹೆಣ್ಣಿನ ಹಕ್ಕನ್ನು ಸಮಸಮವಾಗಿ ತೂಗುವ ಈ ಮಾತು ಆ ಕಾಲದ ರೋಮನ್ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವಂಥದ್ದಲ್ಲ. ಮುಂದಿನ ಎರಡು ಸಾವಿರ ವರ್ಷಗಳ ಜಗ್ಗಾಟದ ಎರಡೂ ಎಳೆಗಳು ಈ ಒಂದು ಅಧ್ಯಾಯದಲ್ಲಿವೆ.

ಆ ಬಳಿಕ ಕ್ರೈಸ್ತರ ಮೇಲೆ ಬಿದ್ದ ಪ್ರಭಾವ ಬೈಬಲ್ಲಿನದಷ್ಟೇ ಅಲ್ಲ. ಮದುವೆಯೊಳಗೂ ಸಂತಾನಕ್ಕಲ್ಲದೆ ಸುಖಕ್ಕಾಗಿ ಕೂಡುವುದು ಸರಿಯಲ್ಲವೆಂದು ಮೊದಲ ಶತಮಾನದಲ್ಲಿ ಕಲಿಸಿದ ಮುಸೋನಿಯಸ್ ರೂಫಸ್ ಸ್ಟೋಯಿಕ್ ತತ್ತ್ವಜ್ಞಾನಿಯೇ ಹೊರತು ಕ್ರೈಸ್ತನಲ್ಲ. ಜೀವನಪರ್ಯಂತ ಕನ್ಯತ್ವ ಆರೋಗ್ಯಕ್ಕೆ ಒಳ್ಳೆಯದೆಂದ ಸೊರಾನಸ್ ಎಫೆಸದ ವೈದ್ಯ. ಅದೇ ಸಮಯದಲ್ಲಿ ರೋಮನ್ ಸರ್ಕಾರ ಪ್ರಜೆಗಳು ಮದುವೆಯಾಗಿ ಮಕ್ಕಳನ್ನು ಹೆರಲೇಬೇಕೆಂದು ಒತ್ತಾಯಿಸುತ್ತಿತ್ತು. ಅಗಸ್ಟಸ್ ಚಕ್ರವರ್ತಿ ಅವಿವಾಹಿತರ ಮೇಲೆ ಹೇರಿದ್ದ ದಂಡನೆಗಳನ್ನು ಕಾನ್‌ಸ್ಟಂಟೈನ್ 320ರಲ್ಲಿ ತೆಗೆದುಹಾಕಿದ. ಹದಿನಾಲ್ಕು ಹದಿನೈದರ ಹುಡುಗಿಯನ್ನು ಅಪರಿಚಿತನಿಗೆ ಕೊಟ್ಟು, ಹೆರಿಗೆಯಲ್ಲಿ ಸಾಯುವ ಭಯದ ಬಾಯಿಗೆ ದೂಡುತ್ತಿದ್ದ ಆ ಸಮಾಜದಲ್ಲಿ ‘ನಾನು ಮದುವೆಯಾಗಲಾರೆ’ ಎನ್ನುವುದು ಹೆಣ್ಣಿಗೆ ದೊರೆತ ಬಿಡುಗಡೆಯೂ ಆಗಿತ್ತು. ಕನ್ಯತ್ವವನ್ನು ಹೊಗಳಿದ ಬರಹಗಳನ್ನೆಲ್ಲ ದೇಹದ್ವೇಷವೆಂದು ಬದಿಗೊತ್ತುವ ಇಂದಿನ ವಿಮರ್ಶಕರು ಈ ಸಂಗತಿಯನ್ನು ಮರೆಯುತ್ತಾರೆ ಎಂದು ನನಗನ್ನಿಸುತ್ತದೆ.

ಹೊಗಳಿಕೆ ಅತಿಗೆ ಹೋದದ್ದೂ ನಿಜವೇ. ಮದುವೆಯೇ ಪಾಪವೆಂದ ಪಂಥಗಳು ಹುಟ್ಟಿಕೊಂಡವು. ಅವಕ್ಕೆ ಧರ್ಮಸಭೆ ಕೊಟ್ಟ ಉತ್ತರವನ್ನು ನೀವು ವಿಶೇಷವಾಗಿ ಗಮನಿಸಬೇಕು. ನಾಲ್ಕನೆಯ ಶತಮಾನದ ನಡುಭಾಗದಲ್ಲಿ, ಇಂದಿನ ಟರ್ಕಿಯಲ್ಲಿರುವ ಗಾಂಗ್ರಾ ಎಂಬ ಊರಿನಲ್ಲಿ ಧರ್ಮಾಧ್ಯಕ್ಷರ (ಬಿಷಪ್‌ಗಳ) ಸಭೆಯೊಂದು ಸೇರಿತು. ಮದುವೆಯನ್ನು ಹಳಿಯುವವನು, ತನ್ನ ಗಂಡನೊಡನೆ ಮಲಗುವ ಭಕ್ತೆಯಾದ ವಿಶ್ವಾಸಿ ಹೆಂಗಸನ್ನು ಅವಳಿಗೆ ಸ್ವರ್ಗಸಾಮ್ರಾಜ್ಯ ಸಿಗದೆಂಬಂತೆ ಹೇಸುವವನು ಶಾಪಗ್ರಸ್ತನಾಗಲಿ ಎಂಬುದು ಆ ಸಭೆಯ ನಿಯಮಗಳಲ್ಲಿ ಮೊಟ್ಟಮೊದಲನೆಯದು. ಮರುದಿನ ಬೆಳಿಗ್ಗೆ ನಿಮ್ಮ ಮನಸ್ಸು ನಿಮಗೆ ಹೇಳುವ ಮಾತನ್ನೇ ಆ ಸಭೆ ಖಂಡಿಸಿದೆ, ಅದೂ ಸುಮಾರು 1,680 ವರ್ಷಗಳ ಹಿಂದೆ. ಆದರೆ ಅರ್ಧ ಶತಮಾನ ಕಳೆದು ರೋಮಿನಲ್ಲಿ ಜೋವಿನಿಯನ್ ಎಂಬ ಸನ್ಯಾಸಿ ಮದುವೆ ಮತ್ತು ಕನ್ಯತ್ವ ಎರಡೂ ಸಮಾನವೆಂದಾಗ ಅವನನ್ನೂ ಖಂಡಿಸಲಾಯಿತು. ಸಂತ ಜೆರೋಮ್ ಅವನ ವಿರುದ್ಧ 393ರಲ್ಲಿ ಬರೆದ ಪುಸ್ತಕ ಮದುವೆಯನ್ನು ಎಷ್ಟು ಹೀನಾಯವಾಗಿ ಕಂಡಿತೆಂದರೆ, ಅವನ ಗೆಳೆಯ ಪಮ್ಮಾಕಿಯಸ್ ಮುಜುಗರಪಟ್ಟು ರೋಮಿನಲ್ಲಿದ್ದ ಪ್ರತಿಗಳನ್ನು ಹಿಂದಕ್ಕೆ ಪಡೆಯಲು ಹೆಣಗಾಡಿದ. ಮದುವೆ ಒಳ್ಳೆಯದು, ಕನ್ಯತ್ವ ಅದಕ್ಕಿಂತ ಒಳ್ಳೆಯದು ಎಂಬ ಮೆಟ್ಟಿಲು ಅಲ್ಲಿಗೆ ಗಟ್ಟಿಯಾಯಿತು.

ಅದಕ್ಕೆ ತಾತ್ತ್ವಿಕ ತಳಹದಿ ಹಾಕಿದವನು ಸಂತ ಅಗಸ್ಟೀನ್. ಪಾಶ್ಚಾತ್ಯ ಕ್ರೈಸ್ತರ ಮೇಲೆ, ಅವರ ಮೂಲಕ ನಮ್ಮ ಕರಾವಳಿಯ ಕಥೋಲಿಕರ ಮೇಲೂ, ಬೈಬಲ್ಲಿನ ಬಳಿಕ ಅವನಷ್ಟು ಪ್ರಭಾವ ಬೀರಿದವರು ಕಡಿಮೆ. ಉತ್ತರ ಆಫ್ರಿಕದಲ್ಲಿ 354ರಲ್ಲಿ ಹುಟ್ಟಿದ ಈತ ಹರೆಯದಲ್ಲಿ ಒಂಬತ್ತು ವರ್ಷ ಮಾನಿಕೇಯ ಪಂಥವನ್ನು ಹಿಂಬಾಲಿಸಿದ್ದ. ದೇಹ ಕತ್ತಲೆಯ ಸೃಷ್ಟಿ, ಮಕ್ಕಳನ್ನು ಹುಟ್ಟಿಸುವುದೇ ಕೆಡುಕು ಎಂಬುದು ಆ ಪಂಥದ ಬೋಧೆ. ಹೆಸರನ್ನು ಎಲ್ಲಿಯೂ ಬರೆಯದ ಒಬ್ಬ ಹೆಂಗಸಿನೊಡನೆ ಬಹುಕಾಲ ಬಾಳಿ ಅವಳಿಂದ ಮಗನನ್ನು ಪಡೆದಿದ್ದ, ಮುಂದೆ ದೊಡ್ಡ ಮನೆತನದ ಸಂಬಂಧಕ್ಕಾಗಿ ಅವಳನ್ನು ಕಳಿಸಿಬಿಟ್ಟ. ಧರ್ಮಾಧ್ಯಕ್ಷನಾದ ಮೇಲೆ, 401ರ ಸುಮಾರಿಗೆ, ಜೆರೋಮನಷ್ಟು ದೂರ ಹೋಗದೆ ಮದುವೆಯ ಪರವಾಗಿಯೇ ಬರೆದ: ಸಂತಾನ, ಪರಸ್ಪರ ನಿಷ್ಠೆ, ಬಿಡಿಸಲಾಗದ ಪವಿತ್ರ ಬಂಧ, ಈ ಮೂರು ಮದುವೆಯ ಒಳಿತುಗಳು ಎಂದ. ಕಥೋಲಿಕರ ಮದುವೆಯ ಪಾಠದಲ್ಲಿ ಈ ಮೂರು ಇಂದಿಗೂ ಇವೆ.

ತೊಡಕು ಮುಂದೆ ಬಂತು. ‘ದೇವನಗರಿ’ ಎಂಬ ತನ್ನ ಗ್ರಂಥದ ಹದಿನಾಲ್ಕನೆಯ ಭಾಗದಲ್ಲಿ ಅವನು ಹೂಡುವ ವಾದ ವಿಚಿತ್ರವಾದದ್ದು, ಆದರೆ ಮನುಷ್ಯನನ್ನು ಹತ್ತಿರದಿಂದ ಕಂಡವನ ವಾದ. ಪಾಪ ಮಾಡದೆ ಇದ್ದಿದ್ದರೆ ಏದೆನ್ ತೋಟದಲ್ಲಿಯೂ ಆದಾಮ ಹವ್ವ ಕೂಡುತ್ತಿದ್ದರು, ಮಕ್ಕಳನ್ನು ಹಡೆಯುತ್ತಿದ್ದರು. ಆದರೆ ಕೈಕಾಲುಗಳಂತೆ ಆ ಅಂಗಗಳೂ ಮನಸ್ಸಿನ ಅಂಕೆಯಲ್ಲಿರುತ್ತಿದ್ದವು. ಮನಸ್ಸು ಬಯಸಿದರೆ ಏನೆಲ್ಲ ಸಾಧ್ಯ ಎಂಬುದಕ್ಕೆ ಒಂದೊಂದೇ ಕಿವಿಯನ್ನು, ಇಲ್ಲವೆ ಎರಡನ್ನೂ ಒಟ್ಟಿಗೆ ಆಡಿಸಬಲ್ಲವರನ್ನು ಅವನು ಉದಾಹರಿಸುತ್ತಾನೆ. ಮನುಷ್ಯ ದೇವರಿಗೆ ವಿಧೇಯನಾಗದೆ ಹೋದದ್ದಕ್ಕೆ ಶಿಕ್ಷೆಯಾಗಿ ಅವನ ದೇಹ ಅವನಿಗೆ ವಿಧೇಯವಾಗದೆ ಹೋಯಿತು. ಬೇಡವೆಂದಾಗ ಕೆರಳುವುದು, ಬೇಕೆಂದಾಗ ಸ್ಪಂದಿಸದಿರುವುದು ಇದಕ್ಕೇ ಸಾಕ್ಷಿ ಎಂಬುದು ಅವನ ತರ್ಕ. ಹೀಗೆ ಅಂಕೆ ತಪ್ಪಿದ ಕಾಮದ ಮೂಲಕ ಹುಟ್ಟುವ ಪ್ರತಿ ಮಗುವೂ ಮೂಲಪಾಪವನ್ನು, ಅಂದರೆ ಆದಾಮನಿಂದ ಬಂದ ಪಾಪವನ್ನು, ಹೊತ್ತೇ ಹುಟ್ಟುತ್ತದೆ. ಗಂಡಹೆಂಡಿರು ಸಂತಾನದ ಉದ್ದೇಶವಿಲ್ಲದೆ ಸುಖಕ್ಕಾಗಿ ಕೂಡಿದರೆ ಅದು ಕ್ಷಮಾರ್ಹವಾದ ಸಣ್ಣ ತಪ್ಪು. ಕಾಮ ದೇವರೇ ಕೊಟ್ಟ ಸಹಜ ಶಕ್ತಿ, ನೀನಿನ್ನೂ ಮಾನಿಕೇಯನಾಗಿಯೇ ಉಳಿದಿದ್ದೀಯೆ ಎಂದು ಇಟಲಿಯ ಎಕ್ಲಾನಮ್‌ನ ಧರ್ಮಾಧ್ಯಕ್ಷ ಜೂಲಿಯನ್ ಅವನನ್ನು ಚುಚ್ಚಿದ. ಜೂಲಿಯನ್ ಸಂಸಾರ ಮಾಡಿ ತಿಳಿದವನು. ಆದರೆ ಮೂಲಪಾಪವನ್ನು ಒಪ್ಪದ ಪೆಲಾಗಿಯನ ಪಕ್ಷ ಹಿಡಿದಿದ್ದರಿಂದ ಅವನು ಪದವಿ ಕಳೆದುಕೊಂಡ, ಆ ಚರ್ಚೆಯಲ್ಲಿ ಗೆದ್ದ ಅಗಸ್ಟೀನನ ಎಲ್ಲ ಮಾತುಗಳಿಗೂ ಗೆಲುವಿನ ತೂಕ ಬಂತು. ಕೂಟ ಪಾಪವೆಂದು ಅಗಸ್ಟೀನ್ ಹೇಳಲಿಲ್ಲ. ಆದರೆ ಸುಖದ ಮೇಲೆ ಅವನು ಎಸೆದ ಸಂಶಯದಿಂದ ಪಶ್ಚಿಮದ ಧರ್ಮಸಭೆ ಬಹುಕಾಲ ಚೇತರಿಸಿಕೊಳ್ಳಲಿಲ್ಲ.

ಪೂರ್ವದ ಕ್ರೈಸ್ತರು ಮೂಲಪಾಪದ ಈ ವಿವರಣೆಯನ್ನು ಒಪ್ಪಿಕೊಳ್ಳಲಿಲ್ಲ. ಬಿಜಾಂಟಿಯಮ್ ಚಕ್ರಾಧಿಪತ್ಯದಲ್ಲಿ 692ರಲ್ಲಿ ಸೇರಿದ ಸಭೆ, ದೀಕ್ಷೆಗೆ ಮೊದಲು ಮದುವೆಯಾದ ಗುರು ಹೆಂಡತಿಯೊಡನೆ ಸಂಸಾರ ಮುಂದುವರಿಸಬಹುದೆಂದು ವಿಧಿಸಿತು. ಪಶ್ಚಿಮದಲ್ಲಿ 1139ರ ಎರಡನೆಯ ಲ್ಯಾಟರನ್ ಮಹಾಸಭೆ ಗುರುಗಳ ಮದುವೆಯನ್ನೇ ಅಸಿಂಧುವೆಂದಿತು. ‘ಸಾವಿರ ವರ್ಷದ ಹಿಂದೆ ಪೋಪ್‌ಗಳು ಮಾಡಿದ್ದು’ ಎಂದು ನಿಮ್ಮ ಪತಿ ನೆನಪಿಟ್ಟುಕೊಂಡಿರುವುದು ಬಹುಶಃ ಇದನ್ನು. ಅದು ಗುರುಗಳಿಗೆ ಮಾಡಿದ ನಿಯಮ, ದಂಪತಿಗಳಿಗಲ್ಲ. ಈ ಎರಡು ದಾರಿಗಳು ನಮ್ಮ ಕಣ್ಣೆದುರಿಗೇ ಇವೆ: ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿರುವಂಥ ಆರ್ಥೊಡಾಕ್ಸ್ ಸಿರಿಯನ್ ಸಭೆಯಲ್ಲಿ ಗುರುಗಳು ಸಂಸಾರಸ್ಥರಾಗಿರಬಹುದು, ಅದೇ ಊರ ಸುತ್ತಲಿನ ಕಥೋಲಿಕ ಗುರುಗಳು ಬ್ರಹ್ಮಚಾರಿಗಳು. ಕೇರಳದ ಸಿರಿಯನ್ ಕ್ರೈಸ್ತರಲ್ಲಿಯೂ ಕತ್ತನಾರರು, ಅಂದರೆ ಅವರ ಗುರುಗಳು, ಮದುವೆಯಾಗುತ್ತಿದ್ದರು. 1599ರಲ್ಲಿ ಗೋವದ ಆರ್ಚ್‌ಬಿಷಪ್ ಮೆನೆಜಿಸ್ ಉದಯಂಪೇರೂರಿನಲ್ಲಿ ಸಭೆ ಕರೆದು, ಅವರು ಹೆಂಡಿರನ್ನು ಬಿಡಬೇಕೆಂದು ಆಜ್ಞೆ ಮಾಡಿಸಿದ.

ಈಗ ನಿಮ್ಮ ಅತ್ತೆಯವರ ನಿಯಮಗಳು. ಅವು ಅವರು ಕಟ್ಟಿಕೊಂಡ ಮಾತಲ್ಲ, ಒಂದು ಕಾಲಕ್ಕೆ ನಿಜವಾಗಿಯೂ ಇದ್ದವು. ಆರನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗೆ ಯುರೋಪಿನ ಗುರುಗಳು ಪಾಪನಿವೇದನೆ ಕೇಳುವಾಗ ಪ್ರಾಯಶ್ಚಿತ್ತದ ಕೈಪಿಡಿಗಳನ್ನು ಬಳಸುತ್ತಿದ್ದರು. ತಪಸ್ಸುಕಾಲ, ಕ್ರಿಸ್ಮಸ್‌ಗೆ ಮುಂಚಿನ ವಾರಗಳು, ಭಾನುವಾರ, ಹಲವು ಕಡೆ ಬುಧವಾರ ಶುಕ್ರವಾರ, ಮುಟ್ಟು, ಬಸಿರು, ಬಾಣಂತನ, ಪರಮಪ್ರಸಾದಕ್ಕೆ ಮೊದಲಿನ ದಿನಗಳು, ಇವೆಲ್ಲ ದಂಪತಿಗಳಿಗೆ ನಿಷಿದ್ಧ. ಜರ್ಮನಿಯ ವೋರ್ಮ್ಸ್ ನಗರದ ಧರ್ಮಾಧ್ಯಕ್ಷ ಬರ್ಕಾರ್ಡ್ ಹನ್ನೊಂದನೆಯ ಶತಮಾನದ ಆರಂಭದಲ್ಲಿ ಸಂಕಲಿಸಿದ ಗ್ರಂಥದ ಪ್ರಶ್ನಾವಳಿಯಲ್ಲಿ ಗುರು ಗಂಡಸನ್ನು ಕೇಳಬೇಕಾದದ್ದು ಹೀಗಿದೆ: ಭಾನುವಾರ ಹೆಂಡತಿಯೊಡನೆ ಕೂಡಿದೆಯಾ? ಹಾಗಾದರೆ ನಾಲ್ಕು ದಿನ ರೊಟ್ಟಿ ನೀರಿನಲ್ಲಿರು. ತಪಸ್ಸುಕಾಲದಲ್ಲಿ ಕೂಡಿದೆಯಾ? ನಲವತ್ತು ದಿನ ರೊಟ್ಟಿ ನೀರು, ಇಲ್ಲವೆ 26 ನಾಣ್ಯ ದಾನ. ಕುಡಿದ ಅಮಲಿನಲ್ಲಿ ಆಗಿಹೋಯಿತೆಂದರೆ ಇಪ್ಪತ್ತೇ ದಿನ. ಕುಡುಕರಿಗೆ ಅರ್ಧ ರಿಯಾಯಿತಿ ಕೊಟ್ಟ ಈ ಲೆಕ್ಕವನ್ನು ತರಗತಿಯಲ್ಲಿ ಓದಿದಾಗಲೆಲ್ಲ ನಗು ಏಳುತ್ತದೆ. ಆದರೆ ಆ ಕಾಲದ ಹೆಂಗಸರಿಗೆ ಈ ನಿಷೇಧಗಳಿಂದ ಒಂದಿಷ್ಟು ವಿರಾಮ ಸಿಕ್ಕಿರಲಿಕ್ಕೂ ಸಾಕು.

ಅಂದೂ ಎಲ್ಲರೂ ಒಂದೇ ಮಾತನಾಡುತ್ತಿರಲಿಲ್ಲ. ಹೆತ್ತ ಗಳಿಗೆಯಲ್ಲೇ ಹೆಂಗಸು ಕೃತಜ್ಞತೆ ಸಲ್ಲಿಸಲು ದೇವಾಲಯಕ್ಕೆ ಬಂದರೂ ಪಾಪವಿಲ್ಲ, ಮುಟ್ಟಾದವಳು ಪರಮಪ್ರಸಾದ ಸ್ವೀಕರಿಸುವುದನ್ನು ತಡೆಯಬಾರದು ಎಂದು ಪೋಪ್ ಮಹಾ ಗ್ರೆಗೊರಿ ಇಂಗ್ಲೆಂಡಿನ ಮಿಷನರಿಗಳಿಗೆ ಬರೆದುದಾಗಿ ಅಲ್ಲಿನ ಸನ್ಯಾಸಿ ಬೀಡ್ ತನ್ನ 731ರ ಇತಿಹಾಸದಲ್ಲಿ ದಾಖಲಿಸಿದ್ದಾನೆ. ಅದೇ ಪತ್ರ ಹೆಂಡತಿಯೊಡನೆ ಕೂಡಿದ ಗಂಡ ಸ್ನಾನ ಮಾಡಿ, ತುಸು ತಡೆದು ದೇವಾಲಯಕ್ಕೆ ಬರಲಿ ಎಂದೂ ಹೇಳುತ್ತದೆ. ಇಂದಿನ ಲ್ಯಾಟಿನ್ ಕಥೋಲಿಕ ಕಾನೂನಿನಲ್ಲಿ ಈ ಬಗೆಯ ನಿಯಮ ಒಂದೂ ಉಳಿದಿಲ್ಲ. 1983ರ ಧರ್ಮಸಂಹಿತೆಯ ಪ್ರಕಾರ ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನದಿರಬೇಕು, ಮಾರಕ ಪಾಪ, ಅಂದರೆ ಗಂಭೀರವಾದ ಪಾಪ, ಮಾಡಿದ ಅರಿವಿರಬಾರದು. ತಪಸ್ಸುಕಾಲದ ಕಡ್ಡಾಯ ಊಟಕ್ಕೆ ಸಂಬಂಧಿಸಿದ್ದು, ಹಾಸಿಗೆಗಲ್ಲ. ಆರ್ಥೊಡಾಕ್ಸ್ ಪರಂಪರೆಗಳಲ್ಲಿ ಮಾತ್ರ ಉಪವಾಸದ ದಿನಗಳಲ್ಲಿ ದಂಪತಿಗಳು ಸಂಯಮದಿಂದಿರಬೇಕೆಂಬ ಬೋಧೆ ಈಗಲೂ ಇದೆ. ನೀವಿಬ್ಬರೂ ಮನಸಾರೆ ಒಪ್ಪಿ ನಲವತ್ತು ದಿನ ಬೇರೆ ಮಲಗುವಿರಾದರೆ ಅದು ಪೌಲನ ಮಾತಿಗೆ ಹೊಂದುವ ವ್ರತವೇ. ಅತ್ತೆಯವರ ಭಯಕ್ಕೆ ಮಲಗುವಿರಾದರೆ ಹೊಂದುವುದಿಲ್ಲ. ಪೌಲ ಕೇಳಿದ್ದು ಇಬ್ಬರ ಒಪ್ಪಿಗೆಯನ್ನು, ಮೂವರದ್ದನ್ನಲ್ಲ.

ಪೌಲನ ‘ಪರಸ್ಪರ ಅಧಿಕಾರ’ವನ್ನು ಮಧ್ಯಯುಗದ ಧರ್ಮಶಾಸ್ತ್ರಜ್ಞರು ಸಾಲದ ಭಾಷೆಗೆ ಇಳಿಸಿದರು: ಒಬ್ಬರು ಕೇಳಿದರೆ ಇನ್ನೊಬ್ಬರು ತೀರಿಸಲೇಬೇಕು. ಕಾಗದದ ಮೇಲೆ ಇದು ಹೆಂಡತಿಗೂ ಸಮಾನ ಹಕ್ಕು ಕೊಟ್ಟಿತು, ಬಾಳಿನಲ್ಲಿ ಅವಳಿಂದ ‘ಬೇಡ’ ಎನ್ನುವುದನ್ನು ಕಿತ್ತುಕೊಂಡಿತು. ಇಂಗ್ಲೆಂಡಿನ ಧಾರ್ಮಿಕ ನ್ಯಾಯಾಲಯಗಳಲ್ಲಿ ಬೆಳೆದ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಯೆಂಬ ಮೊಕದ್ದಮೆ ಬ್ರಿಟಿಷರೊಡನೆ ಇಲ್ಲಿಗೆ ಬಂತು. ಬಾಲ್ಯದಲ್ಲಿ ಮದುವೆ ಮಾಡಿಸಿದ್ದ ಗಂಡನ ಮನೆಗೆ ಹೋಗಲೊಪ್ಪದ ಮುಂಬಯಿಯ ರಖಮಾಬಾಯಿಗೆ 1887ರಲ್ಲಿ ನ್ಯಾಯಾಲಯ, ಹೋಗು ಇಲ್ಲವೆ ಆರು ತಿಂಗಳು ಸೆರೆಮನೆಗೆ ನಡೆ ಎಂದದ್ದು ಇಂಥದೇ ಮೊಕದ್ದಮೆಯಲ್ಲಿ. ಹುಟ್ಟಿದ ನಾಡಿನಲ್ಲಿ 1970ರಲ್ಲಿ ರದ್ದಾದ ಈ ಪರಿಹಾರ ನಮ್ಮಲ್ಲಿ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿಯೂ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿಯೂ ಉಳಿದಿದೆ. ನೀವು ಕೇಳಿರದಿದ್ದರೂ ಒಂದು ಮಾತು ಸೇರಿಸುತ್ತೇನೆ: ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ನಮ್ಮ ಹಿಂದಿನ ಭಾರತೀಯ ದಂಡಸಂಹಿತೆಯ 377ನೆಯ ಕಲಮಿನ ಬೇರೂ ಇಂಗ್ಲೆಂಡಿನದೇ, ಎಂಟನೆಯ ಹೆನ್ರಿಯ 1533ರ ಶಾಸನದ್ದು. ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅದು ಅನ್ವಯಿಸದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಕ್ರೈಸ್ತ ಸಭೆಗಳೊಳಗೆ ಆ ಚರ್ಚೆ ಇನ್ನೂ ಮುಗಿದಿಲ್ಲ.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಏದೆನ್ ತೋಟದಲ್ಲಿ ಕೂಟದ ಸುಖ ಈಗಿನದಕ್ಕಿಂತ ಹೆಚ್ಚಿರುತ್ತಿತ್ತೇ ಹೊರತು ಕಡಿಮೆಯಿರುತ್ತಿರಲಿಲ್ಲ ಎಂದು ಅಗಸ್ಟೀನನ ಮಾತನ್ನು ಸ್ವಲ್ಪ ತಿದ್ದಿದ. ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ, ಸನ್ಯಾಸಿಯಾಗಿದ್ದ ಲೂಥರ್ 1525ರ ಜೂನ್ 13ರಂದು, ಮಠ ತೊರೆದು ಬಂದಿದ್ದ ಕಥರೀನ ಫಾನ್ ಬೋರಾಳನ್ನು ಮದುವೆಯಾಗಿ ಆರು ಮಕ್ಕಳ ತಂದೆಯಾದ. ಪ್ರಾಟೆಸ್ಟೆಂಟರಲ್ಲಿ ಮೇಲು ಕೀಳಿನ ಮೆಟ್ಟಿಲು ಅಲ್ಲಿಗೆ ಮುರಿಯಿತು. ಅದಕ್ಕೆ ಉತ್ತರವಾಗಿ ಕಥೋಲಿಕರ ಟ್ರೆಂಟ್ ಮಹಾಸಭೆ 1563ರಲ್ಲಿ, ಕನ್ಯತ್ವಕ್ಕಿಂತ ಮದುವೆ ಮೇಲೆನ್ನುವವರನ್ನು ಶಪಿಸಿತು.

ನಿಮಗೆ ಬರುವ ‘ಹೊಲಸು’ ಎಂಬ ಭಾವನೆಗೆ ಮಾತ್ರ ದೇವಶಾಸ್ತ್ರವೊಂದೇ ಕಾರಣವಲ್ಲವೆಂದು ನನ್ನ ಅನಿಸಿಕೆ. ಅಗಸ್ಟೀನನ ಕೊರಗು ಅಂಕೆ ತಪ್ಪಿದ ಮನಸ್ಸಿನದು, ಕೊಳೆಯದಲ್ಲ. ಹದಿನೆಂಟನೆಯ ಶತಮಾನದಲ್ಲಿ ಕಾಮದ ಭಯ ಪಾದ್ರಿಯ ಕೈಯಿಂದ ವೈದ್ಯನ ಕೈಗೆ ದಾಟಿತು. ಸ್ವಿಟ್ಜರ್ಲೆಂಡಿನ ಲೋಜಾನ್ ನಗರದ ವೈದ್ಯ ಟಿಸೊ 1760ರಲ್ಲಿ ಹಸ್ತಮೈಥುನದ ಬಗ್ಗೆ ಬರೆದ ಪುಸ್ತಕ, ವೀರ್ಯ ನಷ್ಟವು ರಕ್ತ ನಷ್ಟಕ್ಕಿಂತ ಎಷ್ಟೋ ಪಾಲು ಕೆಟ್ಟದೆಂದೂ ಅದರಿಂದ ಬುದ್ಧಿಭ್ರಮಣೆಯೂ ಸಾವೂ ಬರುತ್ತದೆಂದೂ ಯುರೋಪನ್ನೆಲ್ಲ ಹೆದರಿಸಿತು. ಈಗ ಯಾವ ವೈದ್ಯರೂ ಇದನ್ನು ಒಪ್ಪುವುದಿಲ್ಲ. ಆದರೂ ಮುಂದಿನ ಶತಮಾನದ ವಸತಿಶಾಲೆಗಳ ಶಿಸ್ತಿನಲ್ಲಿ ಈ ಭಯ ಬೆರೆಯಿತು, ಮಿಷನ್ ಶಾಲೆಗಳ ಜೊತೆಗೆ ಹಡಗು ಹತ್ತಿ ಬಂತು, ಇಲ್ಲಿ ಮೊದಲೇ ಇದ್ದ ಮಡಿಮೈಲಿಗೆ ಅದಕ್ಕೆ ಜೊತೆಯಾಯಿತು. ನಿಮ್ಮ ಸಮುದಾಯದಲ್ಲಿಯೇ ಇದಕ್ಕೆ ಎದುರಾದ ಎಳೆಯೂ ಇದೆ. ಮದುವೆಯ ಹಿಂದಿನ ದಿನ ವಧುವರರ ಮೈಗೆ ತೆಂಗಿನಹಾಲು ಹಚ್ಚಿ ವೊವಿಯೊ ಹಾಡುವ ರೋಸ್ ಶಾಸ್ತ್ರ ನಿಮಗೂ ಆಗಿರುತ್ತದೆ. ಮದುವೆಮನೆಯ ಇಂಥ ದೇಶೀ ಆಚರಣೆಗಳನ್ನು ಗೋವದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ 1736ರ ಆಜ್ಞೆಯಲ್ಲಿ ನಿಷೇಧಿಸಿತ್ತು. ನಿಮ್ಮ ಹಿರಿಯರು ಬಿಡಲಿಲ್ಲ.

ಮಾತ್ರೆಯ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ನಿಮ್ಮ ಪತಿ ಹೇಳುವಂತೆ ಹಳೆಯದೆಂದು ತಳ್ಳಿಹಾಕಲಾಗದು, ಏಕೆಂದರೆ ನಿಯಮ ಇಂದಿಗೂ ಜಾರಿಯಲ್ಲಿದೆ. 1930ರವರೆಗೆ ಗರ್ಭನಿರೋಧವನ್ನು ಪ್ರಾಟೆಸ್ಟೆಂಟ್ ಸಭೆಗಳೂ ಒಪ್ಪಿರಲಿಲ್ಲ. ಆ ವರ್ಷ ಆಂಗ್ಲಿಕನ್ ಧರ್ಮಾಧ್ಯಕ್ಷರ ಲ್ಯಾಂಬೆತ್ ಸಮ್ಮೇಳನ ಮಿತಿಗಳೊಡನೆ ಅನುಮತಿ ನೀಡಿತು, ಡಿಸೆಂಬರ್ 31ರಂದು ಪೋಪ್ ಹನ್ನೊಂದನೆಯ ಪಿಯುಸ್ ಕಟುವಾಗಿ ನಿಷೇಧಿಸಿದರು. ಗರ್ಭ ನಿಲ್ಲದ ದಿನಗಳನ್ನು ನೋಡಿ ಕೂಡುವ ಕ್ರಮಕ್ಕೆ, ತಕ್ಕ ಕಾರಣವಿದ್ದರೆ ಅಡ್ಡಿಯಿಲ್ಲವೆಂದು ಹನ್ನೆರಡನೆಯ ಪಿಯುಸ್ 1951ರಲ್ಲಿ ಸೂಲಗಿತ್ತಿಯರ ಸಭೆಯಲ್ಲಿ ಹೇಳಿದರು. ಅಗಸ್ಟೀನನಿಂದ ಇದು ಬಹಳ ದೂರದ ಮಾತು: ಸಂತಾನದ ಉದ್ದೇಶವಿಲ್ಲದ ಕೂಟವೂ ನಿರ್ದೋಷವೆಂದು ಇಲ್ಲಿ ಒಪ್ಪಿದಂತಾಯಿತು. 1960ರ ದಶಕದಲ್ಲಿ ಪೋಪ್ ನೇಮಿಸಿದ ಆಯೋಗದ ಬಹುಮತ ನಿಯಮ ಸಡಿಲಿಸಲು ಸಲಹೆ ಮಾಡಿದರೂ ಆರನೆಯ ಪೌಲ್ 1968ರ ಜುಲೈ 25ರ ಪತ್ರದಲ್ಲಿ ಮಾತ್ರೆ ಸೇರಿದಂತೆ ಎಲ್ಲ ಕೃತಕ ವಿಧಾನಗಳನ್ನು ನಿರಾಕರಿಸಿದರು. ಪ್ರಾಮಾಣಿಕವಾಗಿ ಯತ್ನಿಸಿಯೂ ಪಾಲಿಸಲಾಗದ ದಂಪತಿಗಳು ತಮಗೆ ಸರಿಯೆಂದು ತೋರಿದ ದಾರಿಯನ್ನು ಆತ್ಮಸಾಕ್ಷಿಯಿಂದ ಹಿಡಿಯಬಹುದೆಂದು ಕೆನಡದ ಧರ್ಮಾಧ್ಯಕ್ಷರು ಅದೇ ವರ್ಷ ಹೇಳಿದರು. ಆ ಜಗ್ಗಾಟ ಈಗಲೂ ಇದೆ. ಇದೇ ಹೊತ್ತಿನಲ್ಲಿ ಸುಖದ ಬಗೆಗಿನ ಧೋರಣೆ ಪೂರ್ತಿ ಬದಲಾಯಿತು. 1917ರ ಧರ್ಮಸಂಹಿತೆ ಮದುವೆಯ ಮೊದಲ ಉದ್ದೇಶ ಸಂತಾನ, ಎರಡನೆಯದು ಪರಸ್ಪರ ನೆರವು ಮತ್ತು ಕಾಮಕ್ಕೆ ಮದ್ದು ಎಂದಿತ್ತು. 1983ರದ್ದು ದಂಪತಿಗಳ ಒಳಿತನ್ನೂ ಸಂತಾನವನ್ನೂ ಮೇಲುಕೀಳಿಲ್ಲದೆ ಜೊತೆಗಿಟ್ಟಿತು. ದಾಂಪತ್ಯದ ಶೃಂಗಾರವನ್ನು ಸಹಿಸಿಕೊಳ್ಳಬೇಕಾದ ಕೆಡುಕೆಂದು ಕಾಣಬಾರದು, ಅದು ದೇವರ ಕೊಡುಗೆ ಎಂದು ಪೋಪ್ ಫ್ರಾನ್ಸಿಸ್ 2016ರಲ್ಲಿ ಬರೆದರು.

ನಿಮ್ಮ ಮುಂದಿರುವ ದಾರಿಗಳಲ್ಲಿ ಯಾವುದೂ ಕಷ್ಟವಿಲ್ಲದ್ದಲ್ಲ. ಗರ್ಭ ನಿಲ್ಲದ ದಿನಗಳನ್ನು ನೋಡಿ ಕೂಡುವ ಸಹಜ ವಿಧಾನವನ್ನು ಹಿಡಿದರೆ ಧರ್ಮಸಭೆಯೊಡನೆ ತಕರಾರಿರುವುದಿಲ್ಲ. ಆದರೆ ಅದನ್ನು ತರಬೇತಿ ಪಡೆದವರಿಂದ ಕಲಿಯಬೇಕು, ದಿನದಿನದ ಲಕ್ಷಣಗಳನ್ನು ಬರೆದಿಡಬೇಕು, ಪತಿಯೂ ಮನಃಪೂರ್ವಕ ಕೈಜೋಡಿಸಬೇಕು. ಮುಟ್ಟು ಕ್ರಮ ತಪ್ಪುತ್ತಿದ್ದರೆ ಎಡವುವ ಸಂಭವ ಹೆಚ್ಚು. ಮಾತ್ರೆಯನ್ನೋ ಬೇರೆ ಸಾಧನವನ್ನೋ ಆರಿಸಿದರೆ ಗರ್ಭ ನಿಲ್ಲುವ ಆತಂಕ ಕಡಿಮೆಯಾಗುತ್ತದೆ. ಆದರೆ ರಕ್ತದೊತ್ತಡ, ಒಂದು ಬಗೆಯ ಅರೆತಲೆನೋವು, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಕೆಲವು ಮಾತ್ರೆಗಳು ಆಗಿಬರುವುದಿಲ್ಲವಾದ್ದರಿಂದ ವೈದ್ಯರನ್ನು ಕೇಳದೆ ಅಂಗಡಿಯಿಂದ ತರಬೇಡಿ. ಧರ್ಮಸಭೆಯ ಬೋಧೆಗೆ ವಿರುದ್ಧ ಹೋಗುತ್ತಿದ್ದೇನೆಂಬ ಭಾರ ನಿಮ್ಮ ಸ್ವಭಾವದವರಿಗೆ ಚಿಕ್ಕದಲ್ಲವೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತಿಳಿವಳಿಕೆಯುಳ್ಳ ಗುರುಗಳೊಬ್ಬರೊಡನೆ ಮೊದಲು ಮಾತನಾಡಿ, ಪತಿಯನ್ನೂ ಕರೆದುಕೊಂಡು ಹೋಗಿ. ಎಲ್ಲವನ್ನೂ ಮರೆತುಬಿಡು ಎಂಬ ಪತಿಯ ಸಲಹೆಯ ಹಿಂದೆ ಪ್ರೀತಿಯಿದೆ, ಆದರೆ ಇಪ್ಪತ್ತು ವರ್ಷ ಮನಸ್ಸಿನಲ್ಲಿ ಕುಳಿತ ಭಯ ಹೇಳಿದ ಮಾತ್ರಕ್ಕೆ ಎದ್ದು ಹೋಗುವುದಿಲ್ಲ. ಹೋಗದಿದ್ದಾಗ ನೀವು ನಿಮ್ಮನ್ನೇ ಇನ್ನಷ್ಟು ಹಳಿದುಕೊಳ್ಳುವಿರಿ.

ಎಲ್ಲಕ್ಕಿಂತ ಮೊದಲು ನಿಲ್ಲಿಸಬೇಕಾದದ್ದು, ಪ್ರತಿ ಸಲವೂ ಪಾಪನಿವೇದನೆಗೆ ಓಡುವುದನ್ನು. ಪಾಪವಲ್ಲದ್ದನ್ನು ಪಾಪವೆಂದು ನಿವೇದಿಸಿದರೆ ಆ ಕ್ಷಣಕ್ಕೆ ಸಮಾಧಾನ ಸಿಗುತ್ತದೆ, ಮುಂದಿನ ಸಲ ಭಯ ಇನ್ನಷ್ಟು ಬಲವಾಗಿ ಬರುತ್ತದೆ. ಧರ್ಮಸಭೆಗೆ ಈ ಕಾಯಿಲೆಯ ಪರಿಚಯ ಹಳೆಯದು. ಸಂತ ಇಗ್ನೇಷಿಯಸ್ ಲೊಯೋಲ 1522ರಲ್ಲಿ ಮನ್ರೇಸದಲ್ಲಿದ್ದಾಗ ಹಿಂದಿನ ಪಾಪಗಳನ್ನು ಮತ್ತೆ ಮತ್ತೆ ನಿವೇದಿಸಿಯೂ ನೆಮ್ಮದಿಯಿಲ್ಲದೆ ಒದ್ದಾಡಿದ್ದ. ಅತಿ ಸ್ಪಷ್ಟವಾದದ್ದನ್ನು ಬಿಟ್ಟು ಬೇರೇನನ್ನೂ ಮತ್ತೆ ಹೇಳಕೂಡದೆಂದು ಅವನ ಗುರು ಕಟ್ಟಳೆ ಮಾಡಿದ್ದರು. ಒಬ್ಬರೇ ಗುರುಗಳನ್ನು ಗೊತ್ತುಮಾಡಿಕೊಂಡು ಇದನ್ನು ಬಿಚ್ಚಿ ಹೇಳಿ, ಅವರು ಹಾಕಿಕೊಟ್ಟ ಗಡುವಿಗೆ ಮುನ್ನ ಹೋಗಬೇಡಿ. ಹಾಗೆ ಮಾಡಿಯೂ ಕೆಲವು ತಿಂಗಳಲ್ಲಿ ತಗ್ಗದಿದ್ದರೆ, ಅಥವಾ ಬೇರೆ ವಿಷಯಗಳಲ್ಲಿಯೂ ಇಂಥದೇ ಶಂಕೆ ಕಾಡುತ್ತಿದ್ದರೆ, ಮನೋವೈದ್ಯರನ್ನು ಕಾಣಿ, ಇದಕ್ಕೆ ಚಿಕಿತ್ಸೆಯಿದೆ. ಕೂಡುವಾಗ ನೋವಾಗುತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸುವುದನ್ನು ಮುಂದೂಡಬೇಡಿ. ನಿಮ್ಮ ಪತ್ರದಲ್ಲಿ ಅದರ ಮಾತಿಲ್ಲ, ಆದರೆ ತರಗತಿ ಮುಗಿದ ಮೇಲೆ ನನ್ನನ್ನು ಕೇಳಿದವರಲ್ಲಿ ಕೆಲವರು ಅದನ್ನು ಪಾಪಕ್ಕೆ ಬಂದ ಶಿಕ್ಷೆಯೆಂದುಕೊಂಡು ಯಾರಿಗೂ ಹೇಳದೆ ಸಹಿಸಿದ್ದರು.